ಬಿಳಿಯಜ್ಜಿಗೆ ನೆಂಟರನ್ನು ಹುಡುಕಿದ ದೊನ್ಯಾ ಕ್ರಿಸಾಂತಾ

ದೊನ್ಯಾ ಕ್ರಿಸಾಂತಾ ಬಾಲ್ಸಾ ತಮ್ಮ ಆಯುಷ್ಯದಲ್ಲಿ ಯಾರನ್ನೂ, ಯಾವುದನ್ನೂ ಏಕವಚನದಲ್ಲಿ ಮಾತಾಡಿಸಿದವರಲ್ಲ. ನಮ್ಮ ಬೆಟ್ಟದೂರು ಲಾ ವೆಂತಿಸ್ಕಾದ ಜನವೇ ಹಾಗೆ. ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ, ಅಜ್ಜಿ ತೊಟ್ಟಿಲ ಮಗುವಿಗೆ, ಎಲ್ಲರೂ ಎಲ್ಲರಿಗೂ ‘ನೀವು’ ಎನ್ನುವವರೇ. ಕೆಳಗಿನ ಬಯಲಿನವರು ಇದನ್ನು ಕೇಳಿ ನಗುತ್ತಾರೆ, ನಗಲಿ ಬಿಡಿ, ಅವರಿಗೆ ಸೆಖೆಯಲ್ಲಿ ಮರ್ಯಾದೆ ಕರಗಿಹೋಗಿದೆ. ಆದರೆ ಈ ಬಹುವಚನವನ್ನು ಮನುಷ್ಯವರ್ಗದ ಗಡಿಯಾಚೆಗೂ ಒಯ್ದು, ಸಕಲ ಚರಾಚರಗಳಿಗೂ ಸಮನಾಗಿ ಹಂಚಿದ ಕೀರ್ತಿ ಮಾತ್ರ ದೊನ್ಯಾ ಕ್ರಿಸಾಂತಾ ಒಬ್ಬರಿಗೇ ಸಲ್ಲಬೇಕು. ಅವರ ಹೇಸರಗತ್ತೆ ಕನೇಲಾ ದಾರಿಯ ನಡುವೆ ಮುಷ್ಕರ ಹೂಡಿ ನಿಂತರೆ, “ನಡೀರಿ ತಾಯಿ, ನಿಮ್ಮ ಸೊಕ್ಕಿಗೆ ಬೆಂಕಿ ಹಾಕ, ಊರೆಲ್ಲ ನೋಡ್ತಾ ಇದೆ, ನಾಚಿಕೆ ಆಗಲ್ವಾ ನಿಮಗೆ?” ಎಂದು ಬೈಯುತ್ತಿದ್ದರು. ಬೈಗುಳ ಬೈಗುಳವೇ, ಮರ್ಯಾದೆ ಮರ್ಯಾದೆಯೇ. ಎರಡೂ ಒಂದೇ ವಾಕ್ಯದಲ್ಲಿ ಒಂದಕ್ಕೊಂದು ತಗುಲದೆ ಓಡಾಡಿಕೊಂಡಿದ್ದವು.

ಒಮ್ಮೆ ನೆರೆಮನೆಯ ನಾಯಿ ಇವರ ಅಡುಗೆಮನೆಗೆ ನುಗ್ಗಿ ಹೊಗೆಗೆ ಇಟ್ಟ ಗಿಣ್ಣನ್ನು ಕಚ್ಚಿಕೊಂಡು ಓಡಿತು. ಹಿಂದೆಯೇ ಕೋಲು ಹಿಡಿದು ಹೊರಟ ದೊನ್ಯಾ ಕ್ರಿಸಾಂತಾ, “ನಿಲ್ಲಿ ಕಳ್ಳರೇ, ನಿಮ್ಮ ವಂಶಕ್ಕೇ ಈ ಬುದ್ಧಿ, ನಿಮ್ಮ ತಾಯಿಯವರೂ ಹೀಗೇ ಇದ್ರು!” ಎಂದು ಕೂಗುತ್ತ ಇಡೀ ಬೀದಿ ದಾಟಿದ್ದನ್ನು ನಾನು ಶಾಲೆಯ ಕಿಟಕಿಯಿಂದ ಕಂಡು, ಮಕ್ಕಳಿಗೆ ಹೇಳಿಕೊಡುತ್ತಿದ್ದ ಭಿನ್ನರಾಶಿ ಲೆಕ್ಕವನ್ನು ಅರ್ಧಕ್ಕೇ ಬಿಟ್ಟು ನಕ್ಕಿದ್ದೇನೆ. ಒಲೆಯ ಮೇಲಿನ ನೀರು ಬೇಗ ಕಾಯದಿದ್ದರೆ “ಕುದೀರಿ ಸ್ವಾಮಿ, ಎಷ್ಟು ಹೊತ್ತು ಸತಾಯಿಸ್ತೀರಿ” ಎಂಬ ಪ್ರಾರ್ಥನೆ. ಮಂಜು ಮುಸುಕಿದರೆ “ಸ್ವಲ್ಪ ಸರೀರಿ, ಒಗೆದ ಬಟ್ಟೆ ಒಣಗ್ಬೇಕು” ಎಂಬ ವಿನಂತಿ. ಉಪಕಾರ ಯಾರು ಮಾಡಿದರೂ, ಅದು ಬಿಸಿಲೇ ಆಗಲಿ, ಮನುಷ್ಯರೇ ಆಗಲಿ, “ದೇವರು ನಿಮ್ಮ ಋಣ ತೀರಿಸ್ಲಿ” ಎಂಬ ಒಂದೇ ಉತ್ತರ.

ದೂರದಿಂದ ಬರುವಾಗ ಅವರಿಗಿಂತ ಮೊದಲು ಕಾಣುತ್ತಿದ್ದುದು ಅವರ ಕೋಟು. ತೀರಿಕೊಂಡ ಗಂಡ ದೊನ್ ಸಾಕ್ರಮೆಂತೊ ಮದುವೆಯ ದಿನ ತೊಟ್ಟಿದ್ದ ಆ ಕರಿಯ ಉಣ್ಣೆಯ ಕೋಟು ಕಾಲಕ್ರಮದಲ್ಲಿ ಪಾಚಿಯ ಬಣ್ಣಕ್ಕೆ ತಿರುಗಿ, ಮೊಣಕೈಯಲ್ಲಿ ಎರಡು ಬಗೆಯ ತೇಪೆ ಹೊತ್ತು, ಕೆಳಗೆ ಅವರ ಮೊಣಕಾಲು ಮುಟ್ಟುತ್ತಿತ್ತು. ಅದರ ಜೇಬುಗಳು ಜೇಬುಗಳಲ್ಲ, ಉಗ್ರಾಣಗಳು. ಜಪಮಾಲೆ, ಒಸಡಿಗೆ ಒತ್ತಿಕೊಳ್ಳುವ ಹೊಗೆಸೊಪ್ಪಿನ ಅಂಟಿನ ಡಬ್ಬಿ, ಬೇಯಿಸಿದ ಆಲೂಗಡ್ಡೆ, ಹಗ್ಗದ ತುಂಡು, ಕನೇಲಾಗೆ ಲಂಚವೆಂದು ಬೆಲ್ಲದ ಚೂರು, ಎಲ್ಲವೂ ಅಲ್ಲಿ ಪರಸ್ಪರ ಒಗ್ಗಿಕೊಂಡು ಬಾಳುತ್ತಿದ್ದವು. ಬೆಲ್ಲಕ್ಕೆ ಹೊಗೆಸೊಪ್ಪಿನ ಘಾಟು ಬಂದಿದ್ದರೂ ಕನೇಲಾ ಎಂದೂ ಬೇಡವೆಂದದ್ದಿಲ್ಲ. ನಡಿಗೆಯೋ, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿ, ಗಂಡಸರ ಟೋಪಿಯನ್ನು ಹುಬ್ಬಿನ ತನಕ ಎಳೆದು, ಬೆಟ್ಟದ ಮೈಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ಓರೆಯಾಗಿ, ಉಳುವ ಎತ್ತು ಹೊಲದ ಅಂಚಿನಲ್ಲಿ ತಿರುಗುವಂತೆ ತಿರುತಿರುಗಿ ಏರುವುದು. ಎಲ್ಲಿಯೂ ನಿಲ್ಲುತ್ತಿರಲಿಲ್ಲ, ಎಲ್ಲಿಯೂ ಅವಸರವಿರಲಿಲ್ಲ. ಅವರ ಹಿಂದೆ ನೆಟ್ಟಗೆ ಏರಲು ಹೋಗಿ, ಕಲ್ಲಿನ ಮೇಲೆ ಕುಸಿದು ಏದುಸಿರು ಬಿಡುತ್ತಿದ್ದ ನನಗೆ ಮೇಲಿನಿಂದ ಮಾತು ತೇಲಿಬರುತ್ತಿತ್ತು: “ಮೇಷ್ಟ್ರೇ, ನಿಮ್ಮ ಎದೆಯವರು ಏನೋ ಹೇಳ್ತಾ ಇದ್ದಾರೆ. ಕೇಳಿಸ್ಕೊಂಡು ನಿಧಾನವಾಗಿ ಬನ್ನಿ.”

ಬೆಟ್ಟ ಹತ್ತುವುದು ನನಗೆ ಇಂದಿಗೂ ಶತ್ರುವಿಗೆ ಬಯಸುವಂಥ ಕೆಲಸ. ಆದರೂ ವರ್ಷಕ್ಕೊಮ್ಮೆ, ಜನವರಿಯ ಆರಂಭದಲ್ಲಿ, ನಾನು ಅವರೊಡನೆ ಬೊನೆತೆ ಶಿಖರಕ್ಕೆ ಹೋಗಲೇಬೇಕಿತ್ತು, ಅದು ಊರು ನನ್ನ ತಲೆಗೆ ಕಟ್ಟಿದ ಕರ್ತವ್ಯ. ಕ್ರಿಸ್‌ಮಸ್ಸಿಗೆ ಗೋದಲಿಯಲ್ಲಿ ಮಲಗಿದ ಬಾಲಯೇಸುವನ್ನು ನಮ್ಮಲ್ಲಿ ಜನವರಿ ಕಳೆಯುವುದರೊಳಗೆ ಎಬ್ಬಿಸಿ ನಿಲ್ಲಿಸಬೇಕು. ನಿಲ್ಲಿಸುವ ಮುನ್ನ ಅವನ ಹಾಸಿಗೆಯನ್ನು ಬದಲಿಸಬೇಕು. ಆ ಹಾಸಿಗೆಗೆ ಬೇಕಾದದ್ದು ಬಿಳಿಯಜ್ಜಿಯ ಎಲೆ. ಬಿಳಿಯಜ್ಜಿ ಎಂಬುದು ಊರವರು ಇಟ್ಟ ಹೆಸರು. ಮೊಣಕಾಲೆತ್ತರದ ಗಿಡ, ಬೆಳ್ಳಗೆ, ಮೊಲದ ಕಿವಿಯಷ್ಟು ಮೃದುವಾದ ಎಲೆಗಳು, ಒಣಗಿದ ಎಲೆ ಕೂಡ ಉದುರದೆ ಕಾಂಡದ ಸುತ್ತ ಲಂಗದಂತೆ ಇಳಿಬಿದ್ದು ಅದರ ಮೈಯನ್ನು ಕಾಯುತ್ತದೆ. ವರ್ಷಕ್ಕೆ ಬೆರಳಗಲ ಬೆಳೆದರೆ ಹೆಚ್ಚು. ನನ್ನ ಶಿಷ್ಯರಲ್ಲಿ ಕೆಲವರು ವಿದ್ಯೆಯಲ್ಲಿ ಇದೇ ವೇಗ ಅನುಸರಿಸಿದ್ದುಂಟು.

ದೊನ್ಯಾ ಕ್ರಿಸಾಂತಾರ ಬಾಲ್ಯದಲ್ಲಿ ಈ ಗಿಡಕ್ಕಾಗಿ ಯಾರೂ ಶಿಖರದವರೆಗೆ ಹೋಗುತ್ತಿರಲಿಲ್ಲ. ಏರುವಾಗ ಅವರು ಕೋಲು ಚಾಚಿ ತೋರಿಸುತ್ತಿದ್ದರು: “ಈ ಕೆರೆ ದಂಡೇಲಿ ನಮ್ಮಮ್ಮ ಎಲೆ ಕಿತ್ತಿದ್ದು. ಅಗೋ ಆ ಬಂಡೆ ಹತ್ರ ನಾನು ಮದುವಣಗಿತ್ತಿ ಆಗಿದ್ದಾಗ ಇದ್ರು. ಆಮೇಲೆ ಅಲ್ಲಿಂದಲೂ ಎದ್ದು ಹೋದ್ರು.” ಕೆರೆಯ ದಂಡೆಯಿಂದ ಬಂಡೆಗೆ, ಬಂಡೆಯಿಂದ ಬೊನೆತೆಯ ಹೆಗಲಿಗೆ ಗಿಡಗಳು ಹಿಂದೆ ಸರಿದಿದ್ದವು. ಅವರ ಹುಡುಗಿತನದಲ್ಲಿ ಶಿಖರದ ಬಿರುಕುಗಳಲ್ಲಿ ವರ್ಷವಿಡೀ ಇರುತ್ತಿದ್ದ ಹಿಮವನ್ನು ಕೆತ್ತಿ, ಬೆಲ್ಲ ಬೆರೆಸಿ ತಿನ್ನುತ್ತಿದ್ದರಂತೆ. ಈಗ ಆ ಬಿರುಕುಗಳಲ್ಲಿ ಹಲ್ಲಿಗಳು ಬಿಸಿಲಿಗೆ ಮೈ ಕಾಯಿಸುತ್ತವೆ. ಹೆಗಲೆಂದರೆ ಶಿಖರದ ಕೆಳಗಿನ ಒಂದಿಷ್ಟು ಮಣ್ಣಿನ ಸಮತಟ್ಟು. ಅದರಾಚೆ ಬರಿಯ ಬಂಡೆ, ಬಂಡೆಯಾಚೆ ಆಕಾಶ.

“ಇನ್ನು ಇವರು ಎಲ್ಲಿಗೆ ಹೋಗ್ಬೇಕು ಮೇಷ್ಟ್ರೇ?” ಎಂದು ಒಮ್ಮೆ ಅಲ್ಲಿ ಕುಳಿತು ಕೇಳಿದರು. “ಮೇಲೆ ಮೇರಿಮಾತೆ ಬಿಟ್ರೆ ಇನ್ಯಾರೂ ಇಲ್ಲ.”

ಆ ವರ್ಷವೇ ಅವರು ತಮ್ಮ ಜೀವಮಾನದ ದೊಡ್ಡ ತಪ್ಪನ್ನು ಮಾಡಿದ್ದು. ಪಾಪ, ಒಬ್ಬಂಟಿಗಳಾಗಿ ಮೇಲಿದ್ದಾರೆ, ಮನೆಗೆ ಕರೆತಂದು ಸಾಕೋಣ ಎಂದು ಕೆಲವು ಎಳೆಯ ಗಿಡಗಳನ್ನು ಮಣ್ಣಿನ ಸಮೇತ ಎತ್ತಿ, ಕೋಟಿನಲ್ಲಿ ಸುತ್ತಿ, ಕನೇಲಾಳ ಬೆನ್ನಿನ ಮೇಲೆ ಮೆರವಣಿಗೆಯಲ್ಲಿ ಇಳಿಸಿಕೊಂಡು ಬಂದರು. ಈ ಎತ್ತರದ ಜನಕ್ಕೆ ಪ್ರೀತಿಯೆಂದರೆ ಬೆಚ್ಚಗಿಡುವುದು. ಜ್ವರ ಬಂದವರಿಗೂ ಕಂಬಳಿ, ದುಃಖವಾದವರಿಗೂ ಕಂಬಳಿ, ಪ್ರಯಾಣ ಹೊರಟವರಿಗಂತೂ ಎರಡು. ಹೀಗಾಗಿ ಅಡುಗೆಮನೆಯ ಗೋಡೆಯಾಚೆ, ಒಲೆಯ ಶಾಖ ತಾಕುವ ಕಡೆ, ಗೊಬ್ಬರ ಬೆರೆಸಿದ ಕರಿಮಣ್ಣಿನಲ್ಲಿ ನೆಟ್ಟು, ಸಂಜೆಯಾದರೆ ಪ್ರತಿಯೊಂದಕ್ಕೂ ಕುರಿಯುಣ್ಣೆಯ ಕುಲಾವಿ ಹಾಕಿ, “ಮಲಗಿ ಮಕ್ಕಳೇ” ಎಂದು ಒಳಗೆ ಹೋಗುತ್ತಿದ್ದರು. ಊರಿನ ಹೆಂಗಸರೆಲ್ಲ ಬಂದು ನೋಡಿ ಮೆಚ್ಚಿಕೊಂಡರು. ಮಳೆಗಾಲ ಮುಗಿಯುವುದರೊಳಗೆ ಗಿಡಗಳೆಲ್ಲ ಬುಡದಿಂದ ಕೊಳೆತು, ಒಂದೊಂದಾಗಿ ತಲೆಬಾಗಿ ಬಿದ್ದುಹೋದವು.

ಸಸ್ಯಶಾಸ್ತ್ರ ಓದಿ, ಈ ಬೆಟ್ಟಗಳ ಗಿಡಗಳನ್ನು ವರ್ಷವರ್ಷವೂ ಬಂದು ನೋಡಿಕೊಂಡು ಹೋಗುತ್ತಿದ್ದ ಯಾಹೈರಾ ಎಂಬ ಹುಡುಗಿ ಆಗ ಊರಿನಲ್ಲಿದ್ದಳು. ನಗುಮುಖದ, ಚುರುಕು ನಾಲಗೆಯ ಹುಡುಗಿ. ಕೊಳೆತ ಬೇರುಗಳನ್ನು ಅಂಗೈಯಲ್ಲಿ ಹಿಡಿದು ನೋಡಿ ಅವಳು, “ದೊನ್ಯಾ, ಇವು ಚಳಿಯಲ್ಲೇ ಹುಟ್ಟಿ ಚಳಿಯನ್ನೇ ಉಂಡು ಬೆಳೆಯೋವು. ನೀವು ಪ್ರೀತಿ ಮಾಡೀ ಮಾಡೀ ಬೇಯಿಸಿಬಿಟ್ರಿ” ಎಂದಳು.

ಅತಿಯಾದರೆ ಅಮೃತವೂ ವಿಷ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಆದರೆ ದೊನ್ಯಾ ಕ್ರಿಸಾಂತಾ ಕುಲಾವಿಗಳನ್ನು ಎದೆಗವಚಿಕೊಂಡು ಬಿಕ್ಕಿ ಬಿಕ್ಕಿ ಅಳುವುದನ್ನು ನೋಡಿ ನುಂಗಿಕೊಂಡೆ. ಮಕ್ಕಳಿಲ್ಲದ ಹೆಂಗಸು ಅವರು. ಯಾಹೈರಾ ಅವರ ಪಕ್ಕದಲ್ಲಿ ಕುಳಿತು, ನಿಧಾನವಾಗಿ ಎಲ್ಲವನ್ನೂ ಬಿಡಿಸಿ ಹೇಳಿದಳು: ಲೋಕವೇ ಬಿಸಿಯಾಗುತ್ತಿದೆ, ಸೆಖೆ ಬೆಟ್ಟ ಏರುತ್ತಿದೆ, ಏರಿದಂತೆಲ್ಲ ಕೆಳಗಿನ ಗಿಡ ಒಂದು ಮೆಟ್ಟಿಲು ಮೇಲೆ, ಅದರ ಮೇಲಿನದು ಇನ್ನೊಂದು ಮೆಟ್ಟಿಲು ಮೇಲೆ, ಕಟ್ಟಕಡೆಯ ಮನೆಯವರಿಗೆ ಮಾತ್ರ ಅಟ್ಟವಿಲ್ಲ. ಈ ಬಿಳಿಯಜ್ಜಿ ಅವಳು ಕಂಡಂತೆ ಬೇರಾವ ಬೆಟ್ಟದಲ್ಲೂ ಇಲ್ಲ. ಬೊನೆತೆಯ ಹೆಗಲಿನ ಮಣ್ಣು ಉಳಿದು, ಬೆಳಗಿನ ಬಿಸಿಲಿಗೆ ಅಡ್ಡವಾಗಿ ಒಂದೊಂದು ಗಿಡದ ಪೂರ್ವಕ್ಕೆ ಕಲ್ಲು ನಿಲ್ಲಿಸಿದರೆ, ಮಧ್ಯಾಹ್ನದ ಮೇಲೆ ಹೇಗೂ ಮಂಜು ಬರುತ್ತದೆ, ಇನ್ನೊಂದಿಷ್ಟು ಕಾಲ ತಾಳಿಯಾವು. “ಹೆಗಲು ಹೋದ್ರೆ ಮಾತ್ರ ಮುಗೀತು” ಎಂದಳು.

ದೊನ್ಯಾ ಕ್ರಿಸಾಂತಾ ಮೂಗು ಒರೆಸಿಕೊಂಡು, “ಹೆಗಲು ದೊನ್ ಎವೆನ್ಸಿಯೊ ಅವರದ್ದಲ್ವಾ?” ಎಂದರು.

ದೊನ್ ಎವೆನ್ಸಿಯೊ ವಿಯಾರ್ರೆಯಾಲ್ ಊರಿನ ದೊಡ್ಡ ಆಲೂಗಡ್ಡೆ ಬೆಳೆಗಾರರು. ಕೆಟ್ಟವರಲ್ಲ, ಜುಗ್ಗರು. ಅವರ ಮನೆಯಲ್ಲಿ ಸಾರು ಕುಡಿದವರು ಆಲೂಗಡ್ಡೆಯನ್ನು ಬಟ್ಟಲಿನ ತಳದಲ್ಲಿ ಹುಡುಕಬೇಕಾಗಿತ್ತು ಎಂಬುದು ಊರಿನ ಮಾತು. ಅವರ ಅಪ್ಪನ ಕಾಲದಲ್ಲಿ ಗುಡಿಯ ಸುತ್ತಲಿನ ಹೊಲದಲ್ಲಿ ಬೆಳೆಯುತ್ತಿದ್ದ ಆಲೂಗಡ್ಡೆಗೆ ಈಗ ಅಲ್ಲಿ ಸೆಖೆ. ಸೆಖೆಯ ಬೆನ್ನಿಗೆ ಹುಳ. ಹುಳಕ್ಕೆ ಹೆದರಿ ಹೊಲ ಮೇಲಕ್ಕೆ, ಹೊಲದ ಹಿಂದೆ ಹುಳವೂ ಮೇಲಕ್ಕೆ. ಹೀಗೆ ಏರುತ್ತ ಏರುತ್ತ ದೊನ್ ಎವೆನ್ಸಿಯೊ ಅವರ ನೇಗಿಲು ಬೊನೆತೆಯ ಹೆಗಲಿನ ಬುಡಕ್ಕೆ ಬಂದು ನಿಂತಿತ್ತು. ಮುಂದಿನ ಬಿತ್ತನೆ ಹೆಗಲಿನ ಮೇಲೇ ಎಂದು ಅವರು ಸಾರಾಯಿ ಅಂಗಡಿಯಲ್ಲಿ ಸಾರಿಯೂ ಆಗಿತ್ತು.

ದೊನ್ಯಾ ಕ್ರಿಸಾಂತಾ ಹೋಗಿ ಕೇಳಿಕೊಂಡರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಿತ್ತು ಆ ಸಂಭಾಷಣೆ.

“ಕೆಳಗೆ ಹುಳ, ಮೇಲೆ ನಿಮ್ಮ ಗಿಡ. ನಾನೇನು ಗಾಳೀಲಿ ಬಿತ್ತಲಾ?” ಎಂದರು ಅವರು.

“ನೀವೂ ಓಡಿ ಓಡಿ ಮೇಲಕ್ಕೆ ಬಂದ್ರಿ, ಅವರೂ ಓಡಿ ಓಡಿ ಮೇಲಕ್ಕೆ ಬಂದ್ರು. ಒಂದೇ ಸೆಖೆಗೆ ಹೆದರಿದವರು ನೀವಿಬ್ರೂ. ಒಬ್ರಿಗೊಬ್ರು ಜಾಗ ಬಿಟ್ಕೊಳ್ಬಾರ್ದಾ?”

“ಗಿಡ ನನಗೇನು ನೆಂಟನಾ, ಜಾಗ ಬಿಡೋಕೆ?”

ನಾನು ಅಲ್ಲೇ ಇದ್ದೆ. ದೊನ್ಯಾ ಕ್ರಿಸಾಂತಾ ಟೋಪಿಯನ್ನು ಹುಬ್ಬಿಗೆ ಎಳೆದುಕೊಂಡು, “ದೇವರು ನಿಮ್ಮ ಋಣ ತೀರಿಸ್ಲಿ” ಎಂದು ಎದ್ದರು. ದಾರಿಯುದ್ದಕ್ಕೂ ತಮ್ಮಷ್ಟಕ್ಕೆ ತಾವೇ ಗುನುಗುತ್ತಿದ್ದರು. ನನಗೆ ಆಗಲೇ ಸಂಶಯ ಬರಬೇಕಿತ್ತು.

ನಮ್ಮಲ್ಲಿ ಹುಟ್ಟಿದ ಕೂಸಿಗೆ ಪಾದ್ರಿಗಳು ಬಂದು ಗುಡಿಯಲ್ಲಿ ಜ್ಞಾನಸ್ನಾನ ಮಾಡಿಸುವ ಮೊದಲು ಮನೆಯಲ್ಲೇ ನೀರು ಹಾಕಿಸಿಬಿಡುವ ಪದ್ಧತಿಯಿದೆ. ಬೆಟ್ಟದ ದಾರಿ, ಪಾದ್ರಿಗಳು ಎಂದು ಬಂದಾರೋ. ಆ ನೀರಿಗೆ ಒಬ್ಬ ಜ್ಞಾನತಂದೆ ಬೇಕು. ಅವನಿಗೂ ಕೂಸಿನ ಮನೆಯವರಿಗೂ ಅಂದಿನಿಂದ ನಂಟು. ಅಂದಿನಿಂದ ಅವರು ಪರಸ್ಪರ ಗಂಡಸನ್ನು ಕೊಂಪಾದ್ರೆ ಎಂದೂ ಹೆಂಗಸನ್ನು ಕೊಮಾದ್ರೆ ಎಂದೂ ಕರೆಯಬೇಕು. ಈ ನಂಟಿನ ಬಿಗಿ ರಕ್ತಸಂಬಂಧಕ್ಕೂ ಇಲ್ಲ. ಅಣ್ಣತಮ್ಮಂದಿರು ಬೇಲಿಗಾಗಿ ತಲೆ ಒಡೆದುಕೊಳ್ಳಬಹುದು, ಕೊಂಪಾದ್ರೆಗಳು ದನಿ ಎತ್ತರಿಸುವಂತಿಲ್ಲ. ಜ್ಞಾನಶಿಶುವಿಗೆ ಕೇಡು ಬಗೆದವನ ಹೆಣಕ್ಕೆ ಹೆಗಲು ಕೊಡಲು ಈ ಊರಿನಲ್ಲಿ ಯಾರೂ ಸಿಗಲಾರರು. ಮತ್ತು ಬಾಲಯೇಸುವಿನ ತೊಟ್ಟಿಲ ಮುಂದೆ ಯಾರಾದರೂ ಈ ಹೊಣೆ ಕೇಳಿದರೆ ಒಲ್ಲೆ ಎನ್ನುವಂತೆಯೂ ಇಲ್ಲ, ಕೊಟ್ಟ ಮಾತು ತಿರುಗಿ ಪಡೆಯುವಂತೆಯೂ ಇಲ್ಲ.

ಮುಂದಿನ ಜನವರಿಯಲ್ಲಿ ಬಾಲಯೇಸುವನ್ನು ನಿಲ್ಲಿಸುವ ಹಬ್ಬ ದೊನ್ಯಾ ಕ್ರಿಸಾಂತಾರ ಮನೆಯಲ್ಲಿ. ಪಿಟೀಲು, ಗಿಟಾರು, ಮೇಣದ ಬತ್ತಿ ಹಿಡಿದು ಮನೆ ಸುತ್ತುವ ಮೆರವಣಿಗೆ, ಬಾಲಯೇಸುವನ್ನು ರೇಷ್ಮೆಯ ಕರವಸ್ತ್ರದಲ್ಲಿ ನಾಲ್ವರು ಹೊತ್ತು ತರುವುದು, ಎಲ್ಲ ಆಯಿತು. ಸೋಂಪಿನ ಸಾರಾಯಿ ಒಂದು ಸುತ್ತು ಬಂದಿತ್ತು. ಆಗ ಅವರು ತೊಟ್ಟಿಲ ಮುಂದೆ ನಿಂತು, ಎಲ್ಲರೂ ಕೇಳುವಂತೆ ಕರೆದರು:

“ದೊನ್ ಎವೆನ್ಸಿಯೊ, ನನ್ನ ಕಡೆಯದೊಂದು ಕೂಸಿದೆ. ಇನ್ನೂ ನೀರು ಬಿದ್ದಿಲ್ಲ, ಹೆಸರಿಲ್ಲ. ನೀವು ಜ್ಞಾನತಂದೆ ಆಗ್ತೀರಾ?”

ಕೋಣೆಯಲ್ಲಿ ಪಿಟೀಲು ನಿಂತಿತು. ಮನುಷ್ಯನ ಜುಗ್ಗುತನಕ್ಕೆ ಊರು ಕೊಟ್ಟ ಶಿಕ್ಷೆಯೇನೆಂದರೆ, ದೊನ್ ಎವೆನ್ಸಿಯೊ ಅವರನ್ನು ಆ ವಯಸ್ಸಿನವರೆಗೂ ಯಾರೊಬ್ಬರೂ ಜ್ಞಾನತಂದೆಯಾಗಿ ಎಂದು ಕರೆದಿರಲಿಲ್ಲ. ಸ್ವಂತಕ್ಕೂ ಮಕ್ಕಳಿಲ್ಲ. ಅವರ ಕೆನ್ನೆ ಕೆಂಪಾದದ್ದು, ಟೋಪಿ ತೆಗೆದದ್ದು, ಅದನ್ನು ಏನು ಮಾಡುವುದೆಂದು ತಿಳಿಯದೆ ಮತ್ತೆ ಹಾಕಿಕೊಂಡದ್ದು ನನಗೆ ಇಂದೂ ಕಣ್ಣಿಗೆ ಕಟ್ಟಿದೆ.

“ಆಗ್ತೀನಿ” ಎಂದರು. ಆಮೇಲೆ, “ಯಾರ ಕೂಸು?”

“ಮೇಲಿನ ಮನೆಯವರದ್ದು” ಎಂದರು ದೊನ್ಯಾ ಕ್ರಿಸಾಂತಾ. ಮೇಲಿನ ಕೇರಿಯಲ್ಲಿ ಅವರ ಸೋದರಸೊಸೆಯೊಬ್ಬಳು ಬಾಣಂತಿಯಿದ್ದಳು. ಎಲ್ಲರೂ ಅವಳದ್ದೇ ಎಂದುಕೊಂಡರು. ಹಬ್ಬಕ್ಕೆ ಬಂದಿದ್ದ ಯಾಹೈರಾ ತೋಳಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದಾಗ ನನಗೆ ಅರ್ಥವಾಯಿತು.

ಮುಂದಿನ ದಿನಗಳಲ್ಲಿ ದೊನ್ ಎವೆನ್ಸಿಯೊ ಬೇರೆಯೇ ಮನುಷ್ಯರಾದರು. ಹೆಣ್ಣು ಕೂಸಂತೆ ಎಂದು ಕೇಳಿ ತಿಳಿದು, ಹೆಸರನ್ನೂ ಹುಡುಕಿಟ್ಟುಕೊಂಡರು. ಎದುರು ಸಿಕ್ಕವರನ್ನೆಲ್ಲ ನಿಲ್ಲಿಸಿ, “ಬೆನಿಗ್ನಾ ಅಂತ ಇಡ್ತೀನಿ, ನಮ್ಮವ್ವನ ಹೆಸರು. ನನಗೊಬ್ಳು ಮಗಳು ಹುಟ್ಟಿದ್ರೆ ಇಡೋಣ ಅಂತ ಇಟ್ಕೊಂಡಿದ್ದೆ” ಎಂದು ಹೇಳುತ್ತಿದ್ದರು. ಇದು ಕಿವಿಗೆ ಬಿದ್ದಾಗ ದೊನ್ಯಾ ಕ್ರಿಸಾಂತಾರ ಮುಖ ಬಾಡಿತು. ತಮಾಷೆ ತಾವಂದುಕೊಂಡದ್ದಕ್ಕಿಂತ ಆಳಕ್ಕೆ ಇಳಿದಿತ್ತು. ಅವರು ನೇರವಾಗಿ ಪಾದ್ರಿ ಹಸಿಂತೊ ಅವರ ಬಳಿ ಹೋಗಿ ಎಲ್ಲವನ್ನೂ ನಿವೇದಿಸಿಕೊಂಡರು. ಪಾದ್ರಿಗಳು ಬಹಳ ಹೊತ್ತು ಯೋಚಿಸಿ, “ಗಿಡಕ್ಕೆ ಜ್ಞಾನಸ್ನಾನ ಆಗೋದಿಲ್ಲ, ದೊನ್ಯಾ. ಆದ್ರೆ ಗಿಡಕ್ಕೆ ನೀರು ಹಾಕ್ಬೇಡಿ ಅಂತ ಹೇಳೋಕೆ ನನಗೆ ಯಾವ ಶಾಸ್ತ್ರದಲ್ಲೂ ಆಧಾರ ಇಲ್ಲ” ಎಂದರಂತೆ. ಆಮೇಲೆ ಪಾದ್ರಿಗಳೂ ಬತ್ತಿ ಹಿಡಿಯಲು ಬರುತ್ತೇನೆಂದರು. ಇಂಥ ಪಾದ್ರಿಗಳು ಸಿಕ್ಕಿದ್ದು ನಮ್ಮೂರಿನ ಪುಣ್ಯ.

ಗೊತ್ತಾದ ಬೆಳಿಗ್ಗೆ ದೊನ್ ಎವೆನ್ಸಿಯೊ ಇಸ್ತ್ರಿ ಹಾಕಿದ ಅಂಗಿ, ಹೊಳೆಯುವ ಬೂಟು, ಕೈಯಲ್ಲಿ ಬತ್ತಿ ಹಿಡಿದು ಹೊರಟರು. ಮೇಲಿನ ಕೇರಿ ದಾಟಿತು. “ಇನ್ನೂ ಮೇಲೆ” ಎಂದರು ದೊನ್ಯಾ ಕ್ರಿಸಾಂತಾ. ಕೆರೆ ದಾಟಿತು. “ಇನ್ನೂ ಮೇಲೆ.” ಬಂಡೆಯ ಬಳಿಗೆ ಬರುವಷ್ಟರಲ್ಲಿ ದೊನ್ ಎವೆನ್ಸಿಯೊ ಮಾತು ನಿಲ್ಲಿಸಿದ್ದರು. ಹೆಗಲಿನ ಮೇಲೆ, ಗಾಳಿಗೆ ಎಲೆ ಅಲ್ಲಾಡಿಸುತ್ತ, ಅಂಗೈಯಗಲದ ಒಂದು ಎಳೆಯ ಬಿಳಿಯಜ್ಜಿ ಕುಳಿತಿತ್ತು. ಅದರ ಪೂರ್ವಕ್ಕೆ ಅಚ್ಚುಕಟ್ಟಾಗಿ ನಿಲ್ಲಿಸಿದ ಒಂದು ಕಲ್ಲು.

“ಇವರೇ” ಎಂದರು ದೊನ್ಯಾ ಕ್ರಿಸಾಂತಾ.

ನಾವು ನಾಲ್ಕೈದು ಮಂದಿ ಮಾತ್ರ ಇದ್ದೆವು, ಯಾರೂ ನಗಲಿಲ್ಲ. ನಗುವುದಕ್ಕೆಂದೇ ಹತ್ತಿ ಬಂದಿದ್ದ ನಾನೂ ನಗಲಿಲ್ಲ. ದೊನ್ ಎವೆನ್ಸಿಯೊ ಅವರ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಹಬ್ಬಕ್ಕೆಂದು ಅಲಂಕರಿಸಿಕೊಂಡು ಹೋಗಿ ಬಾಗಿಲಲ್ಲೇ ನಿಂತುಬಿಟ್ಟ ಮಗುವಿನ ನಾಚಿಕೆ. ಆಮೇಲೆ ಸಿಟ್ಟು ಬಂತು.

“ಊರೆಲ್ಲ ಸೇರಿ ನನ್ನ ಮಂಗ ಮಾಡಿದ್ರಿ.”

“ಊರಿಗೇನೂ ಗೊತ್ತಿಲ್ಲ. ಮಾಡಿದ್ದು ನಾನೊಬ್ಳೇ” ಎಂದರು ದೊನ್ಯಾ ಕ್ರಿಸಾಂತಾ. “ಬೈಯೋದಾದ್ರೆ ನನಗೇ ಬೈಯಿರಿ, ಕೇಳಿಸ್ಕೊಳ್ತೀನಿ. ನೆಂಟನಾ ಅಂತ ಕೇಳಿದ್ರಲ್ಲ ನೀವು? ಆ ಮಾತು ನನಗೆ ನಿದ್ದೆ ಕೊಡ್ಲಿಲ್ಲ. ನನಗೂ ಮಕ್ಕಳಿಲ್ಲ, ನಿಮಗೂ ಇಲ್ಲ, ಇವರಿಗೂ ಯಾರೂ ಇಲ್ಲ. ನೀವು ಒಲ್ಲೆ ಅಂದ್ರೆ ತೊಟ್ಟಿಲ ಮುಂದೆ ಕೊಟ್ಟ ಮಾತನ್ನ ನಾನೇ ಬಿಡಿಸಿಕೊಡ್ತೀನಿ, ಪಾಪ ನನಗಿರಲಿ. ಇಳಿದು ಹೋಗಿ. ಆದ್ರೆ ಹೆಸರೊಂದು ಹೇಳಿ ಹೋಗಿ. ಅಷ್ಟು ಚಂದದ ಹೆಸರು ತಂದಿದ್ರಿ.”

ಗಾಳಿಗೆ ಬತ್ತಿ ಯಾವಾಗಲೋ ಆರಿತ್ತು. ದೊನ್ ಎವೆನ್ಸಿಯೊ ಗಿಡವನ್ನು ನೋಡಿದರು, ಹೊಲದ ಕಡೆ ನೋಡಿದರು, ತಮ್ಮ ಹೊಳೆಯುವ ಬೂಟುಗಳನ್ನು ನೋಡಿಕೊಂಡರು. ಕೊನೆಗೆ, ಯಾರಿಗೋ ಸಾಲ ಕೊಡುತ್ತಿರುವವರಂತೆ ಮುಖ ಗಂಟಿಕ್ಕಿ, “ಬೆನಿಗ್ನಾ” ಎಂದರು. ದೊನ್ಯಾ ಕ್ರಿಸಾಂತಾ ನೀರು ಹಾಕಿದರು. ಪಾದ್ರಿಗಳು ಆಕಾಶ ನೋಡುತ್ತ ನಿಂತಿದ್ದರು. ದೊನ್ ಎವೆನ್ಸಿಯೊ ಊಟಕ್ಕೆ ನಿಲ್ಲದೆ ಇಳಿದರು, ತಿರುವಿನಲ್ಲಿ ನಿಂತು, “ಹೆಸರಿಟ್ಟ ಮಾತ್ರಕ್ಕೆ ಬಿತ್ತನೆ ನಿಲ್ಲೋದಿಲ್ಲ!” ಎಂದು ಕೂಗಿ ಹೋದರು.

ನಿಲ್ಲಲೂ ಇಲ್ಲ. ಬಿತ್ತನೆಯ ಕಾಲ ಬಂದಾಗ ಜೋಡಿ ಎತ್ತು ಹೂಡಿಕೊಂಡು ಅವರು ಹೆಗಲಿನ ಕೆಳಅಂಚಿನಿಂದ ಉಳಲು ಹಿಡಿದರು. ಸುದ್ದಿ ಕೇಳಿ ನಾವು ಓಡಿದೆವು. ಓಡಿದೆವು ಎಂದರೆ ಉಳಿದವರು ಓಡಿದರು, ನಾನು ಬಂದು ಸೇರಿದೆ. ದೊನ್ಯಾ ಕ್ರಿಸಾಂತಾ ಬೆನಿಗ್ನಾಳ ಪಕ್ಕದ ಕಲ್ಲಿನ ಮೇಲೆ ಕುಳಿತು ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದರು. ನೇಗಿಲು ಸಾಲು ಬಿಡುತ್ತ, ಕರಿಮಣ್ಣನ್ನು ಮಗುಚುತ್ತ ಮೇಲಕ್ಕೆ ಬಂತು, ಹತ್ತಿರ ಬಂತು, ನನ್ನ ಕಣ್ಣಿಗೆ ಗುಳದ ಹೊಳಪು ಕಂಡಿತು. ಅಲ್ಲಿಗೆ ದೊನ್ ಎವೆನ್ಸಿಯೊ “ಹೋ” ಎಂದು ಎತ್ತುಗಳನ್ನು ನಿಲ್ಲಿಸಿದರು. ಗಿಡವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎತ್ತುಗಳನ್ನು ತಿರುಗಿಸಿದರು.

“ಯಾಕೆ, ಏನಾಯ್ತು?” ಎಂದೆ ನಾನು, ಬಾಯಿ ಸುಮ್ಮನಿರದೆ.

“ಎತ್ತು ದಣಿದಿವೆ” ಎಂದರು ಅವರು. ಎತ್ತುಗಳು ಆಗತಾನೇ ಕೊಟ್ಟಿಗೆಯಿಂದ ಬಂದಂತೆ ನಿಂತಿದ್ದವು. ದೊನ್ ಎವೆನ್ಸಿಯೊ ನನ್ನತ್ತ ನೋಡದೆ ದೊನ್ಯಾ ಕ್ರಿಸಾಂತಾರಿಗೆ ಹೇಳಿದರು: “ಕೊಮಾದ್ರೆ, ಈ ವರ್ಷ ನಾನು ತಿನ್ನೋದೇನು, ಅದನ್ನಾದ್ರೂ ಹೇಳಿ.”

ಆ ಒಂದು ಸಂಬೋಧನೆಗೆ ದೊನ್ಯಾ ಕ್ರಿಸಾಂತಾರ ಕೈಯಿಂದ ಚಾಕು ಜಾರಿತು. ಆದರೆ ಅವರು ಕೊಡದೆ ಪಡೆಯುವ ಜಾತಿಯವರಲ್ಲ. ಮನೆಯ ಹಿಂದೆ, ಬೆಟ್ಟದ ನೆರಳು ಮಧ್ಯಾಹ್ನಕ್ಕೇ ಬೀಳುವ, ಊರಿನಲ್ಲೇ ತಂಪಾದ ಅವರ ಹುಲ್ಲುಗಾವಲು ಕನೇಲಾಳ ಸ್ವಂತ ಸಾಮ್ರಾಜ್ಯವಾಗಿತ್ತು. ಅದನ್ನು ಅಂದೇ ಅರ್ಧ ಪಾಲಿಗೆ ಕೊಂಪಾದ್ರೆಯವರಿಗೆ ಬಿಟ್ಟುಕೊಟ್ಟರು. ಕನೇಲಾ ಮಾತ್ರ ಇದನ್ನು ಎಂದೂ ಕ್ಷಮಿಸಲಿಲ್ಲ. ದೊನ್ ಎವೆನ್ಸಿಯೊ ಬೇಲಿ ದಾಟಿದಾಗಲೆಲ್ಲ ಹಿಂಗಾಲು ಝಾಡಿಸುತ್ತಿತ್ತು. “ಬಿಡಿ ತಾಯಿ, ಬಂಧುಗಳು” ಎಂದು ದೊನ್ಯಾ ಕ್ರಿಸಾಂತಾ ಸಮಾಧಾನ ಮಾಡುತ್ತಿದ್ದರು.

ಮರುವರ್ಷ ಊರಿಗೆಲ್ಲ ಹುಚ್ಚು ಹಿಡಿಯಿತು. ಜುಗ್ಗ ಎವೆನ್ಸಿಯೊಗೆ ಒಂದಿದ್ದರೆ ನಮಗೇಕಿಲ್ಲ ಎಂದು ಒಬ್ಬೊಬ್ಬರೂ ಒಂದೊಂದು ಗಿಡಕ್ಕೆ ನೀರು ಹಾಕಿಸಿ, ಪೂರ್ವಕ್ಕೆ ಕಲ್ಲು ಹೊತ್ತು ನಿಲ್ಲಿಸಿದರು. ನನಗೂ ಒಬ್ಬರು ಸಿಕ್ಕಿದ್ದಾರೆ, ಸ್ವಲ್ಪ ಸೊಟ್ಟಗಿದ್ದಾರೆ, ಆದರೂ ನಮ್ಮವರು. ಬಾಲಯೇಸುವಿನ ಹಾಸಿಗೆಗೆ ಈಗ ಎಲೆ ಕೀಳುವುದಿಲ್ಲ; ಜ್ಞಾನಶಿಶುವಿನ ಮೈಮೇಲಿನ ಬಟ್ಟೆ ಬಿಚ್ಚುವವರು ಯಾರು? ಕುರಿಯುಣ್ಣೆ ಹಾಸುತ್ತಾರೆ. ಯಾಹೈರಾ ಬಂದು ನೋಡಿ ಸಂತೋಷಪಟ್ಟಳು. ಒಂದಿಷ್ಟು ಬೀಜವನ್ನು ತಂಪು ಪೆಟ್ಟಿಗೆಯಲ್ಲಿ ಕಾಪಿಡಲು ಒಯ್ದಳು. ಆದರೆ ಸುಳ್ಳು ಭರವಸೆ ಕೊಡುವ ಹುಡುಗಿಯಲ್ಲ. “ದೊನ್ಯಾ, ನಿಮ್ಮ ನೀರಿಗೆ ದೊನ್ ಎವೆನ್ಸಿಯೊ ಬಗ್ಗಿದ್ರು. ಸೆಖೆ ಬಗ್ಗಲ್ಲ” ಎಂದಳು.

“ಗೊತ್ತು ಮಗಳೇ” ಎಂದರು ದೊನ್ಯಾ ಕ್ರಿಸಾಂತಾ. “ಹಾಸಿಗೆ ಹಿಡಿದ ನೆಂಟರನ್ನ ವಾಸಿ ಮಾಡೋದು ನಮ್ಮ ಕೈಲಿಲ್ಲ ಅಂತ ನೋಡೋಕೆ ಹೋಗದೇ ಇರ್ತೀವಾ? ನೀವು ನಿಮ್ಮ ಕೆಲಸ ಮಾಡಿ, ಕೆಳಗಿನ ದೊಡ್ಡವರಿಗೆ ಹೇಳ್ಬೇಕಾದ್ದು ಹೇಳಿ. ನಾವು ಕಲ್ಲು ಹೊರ್ತೀವಿ.”

ಕಳೆದ ಡಿಸೆಂಬರಿನಲ್ಲಿ ನಾನು ಏದುತ್ತ ಹೆಗಲನ್ನು ತಲುಪಿದಾಗ ಅಲ್ಲಿ ಜಗಳ ನಡೆದಿತ್ತು. ಚಳಿ ಜೋರಾಗಿತ್ತು, ಜ್ಞಾನತಂದೆ ಕೂಸಿಗೆ ಬಟ್ಟೆ ಕೊಡಬೇಕೆಂಬುದು ರೂಢಿ. ದೊನ್ ಎವೆನ್ಸಿಯೊ ಊರಿನಲ್ಲೇ ಒಳ್ಳೆಯ ನೇಕಾರಳಿಂದ ಅಂಗೈಯಗಲದ ಒಂದು ಕೆಂಪು ರುವಾನಾ ನೇಯಿಸಿ ತಂದು ಬೆನಿಗ್ನಾಳಿಗೆ ಹೊದಿಸಿದ್ದರು. ಆ ಜುಗ್ಗ ಮನುಷ್ಯ ತನಗಾಗಿ ಹೊಸ ಹೊದಿಕೆ ಕೊಂಡು ಎಷ್ಟು ವರ್ಷವಾಗಿತ್ತೋ.

“ತೆಗೀರಿ ಅದನ್ನ! ಅವರಿಗೆ ಸೆಖೆ ಆಗುತ್ತೆ!” ಎಂದು ಗದರುತ್ತಿದ್ದವರು, ಒಂದು ಕಾಲದಲ್ಲಿ ಇವರ ಕುಲದವರಿಗೇ ಕುಲಾವಿ ಹಾಕಿ ಮಲಗಿಸಿದ್ದ ದೊನ್ಯಾ ಕ್ರಿಸಾಂತಾ.

ದೊನ್ ಎವೆನ್ಸಿಯೊ ರುವಾನಾವನ್ನು ಮಡಿಚಿ ಎದೆಯ ಜೇಬಿಗೆ ಸೇರಿಸಿಕೊಂಡು ನನ್ನ ಕಡೆ ತಿರುಗಿದರು. “ಮೇಷ್ಟ್ರೇ, ಇವಳು ಹೂ ಬಿಡೋದು ಯಾವಾಗ? ಆ ಹುಡುಗಿ ಏನಂದ್ಲು?”

ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಇನ್ನೊಂದು ಮೂವತ್ತು ವರ್ಷ ಆಗ್ಬಹುದು” ಎಂದೆ. ಅವರಿಗೆ ಆಗಲೇ ಎಪ್ಪತ್ತು ದಾಟಿದೆ. ಅವರು ಗಡ್ಡ ಕೆರೆದುಕೊಂಡು, ಗಿಡದ ಪೂರ್ವಕ್ಕಿದ್ದ ಕಲ್ಲನ್ನು ಕಾಲಿನಿಂದ ಒತ್ತಿ ಗಟ್ಟಿ ನಿಂತಿದೆಯೇ ನೋಡಿ, “ಸರಿ, ಹಾಗಾದ್ರೆ ಕಲ್ಲು ಸ್ವಲ್ಪ ದೊಡ್ಡದೇ ಬೇಕು” ಎಂದು ಇನ್ನೊಂದನ್ನು ಹುಡುಕಲು ಹೊರಟರು. ಅವರ ಹಿಂದೆ ಕೈಕಟ್ಟಿಕೊಂಡು, ಓರೆಯಾಗಿ ತಿರುತಿರುಗಿ, ಆ ಪಾಚಿ ಬಣ್ಣದ ಕೋಟೂ ನಡೆಯಿತು.

ದೊಡ್ಡ ಮಾತುಗಳನ್ನು ಆಡುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಅವರೂ ಬೇಕು. ಆದರೆ ದೊನ್ಯಾ ಕ್ರಿಸಾಂತಾರಂಥವರ ಜಾತಿ ಬೇರೆ. ಅವರು ಏನನ್ನು ಕಂಡರೂ, ಬಂಡೆಯ ಬಿರುಕಿನಲ್ಲಿ ನಡುಗುವ ಎಲೆಯನ್ನು ಕಂಡರೂ, ಮೊದಲು ಕೇಳುವುದು ಒಂದೇ: ಇವರು ನಮಗೇನಾಗಬೇಕು? ಉತ್ತರ ಸಿಗದಿದ್ದರೆ ನೀರು ಹಾಕಿ, ಹೆಸರಿಟ್ಟು, ನಂಟು ಹೂಡಿಯೇ ಬಿಡುತ್ತಾರೆ. ಗೆಲ್ಲುತ್ತೇವೆಯೇ ಎಂಬ ಲೆಕ್ಕ ಅವರಿಗೆ ಬರುವುದಿಲ್ಲ. ಮೂವತ್ತು ವರ್ಷದ ಆಚೆ ಅರಳುವ ಹೂವಿಗೆ ಇಂದೇ ಕಲ್ಲು ಹೊರುತ್ತಾರೆ. ಇಂಥವರು ಇರುವಷ್ಟು ಕಾಲ, ಬೆಟ್ಟದ ತುದಿಯಲ್ಲಿ ಇರುವವರಿಗೆ ಯಾರೂ ಇಲ್ಲ ಎನ್ನುವಂತಿಲ್ಲ. ಅಂದು ಇಳಿಯುವಾಗ ನಾನೂ ಹಿಂದಿರುಗಿ ನೋಡಿ, ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದು ಖಚಿತಪಡಿಸಿಕೊಂಡು, ನನ್ನ ಸೊಟ್ಟ ಗಿಡಕ್ಕೆ ಹೇಳಿದೆ: “ಬರ್ತೀನಿ, ಹುಷಾರಾಗಿರಿ.”